ಒಂದು ಮನೆಯ ಪಾಲು

ಕಲಮಜೂ ಹತ್ತಿರದ ಗ್ಯಾಸ್ ಸ್ಟೇಷನ್

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಲಲಿತ, ಡಾಕ್ಟರು, ಡೆಟ್ರಾಯಿಟ್ ಕಡೆ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದಾಳೆ. ಚಿಕ್ಕವಳು ಪದ್ಮ, ಕಂಪ್ಯೂಟರ್ ಕೆಲಸ, ಶಿಕಾಗೋ ಕಡೆ ವುಡ್‌ರಿಡ್ಜ್‌ನಲ್ಲಿದ್ದಾಳೆ. ನಾನು ಅಲ್ಲಿ ಆರು ತಿಂಗಳು, ಇಲ್ಲಿ ಆರು ತಿಂಗಳು. ಎರಡೂ ಮನೆಗೆ ಅರ್ಧ ದಾರಿಯಲ್ಲಿ, ಕಲಮಜೂ ಎಂಬ ಊರಿನ ಹತ್ತಿರ, ಹೈವೇ ಎಕ್ಸಿಟ್ ಪಕ್ಕದಲ್ಲಿ ಒಂದು ಗ್ಯಾಸ್ ಸ್ಟೇಷನ್ ಇದೆ. ನಮ್ಮ ಕಡೆಯ ಪೆಟ್ರೋಲ್ ಬಂಕು ಅಂತಲೇ ತಿಳಿದುಕೊಳ್ಳಿ. ನನ್ನ ಹಸ್ತಾಂತರ ಆಗುವುದು ಅಲ್ಲಿ. ಒಂದು ಕಾರಿನಿಂದ ಇಳಿದು ಇನ್ನೊಂದು ಕಾರಿಗೆ ಹತ್ತುತ್ತೇನೆ. ಅಳಿಯಂದಿರು ನನ್ನ ಪೆಟ್ಟಿಗೆಯನ್ನು ಒಂದು ಡಿಕ್ಕಿಯಿಂದ ಇನ್ನೊಂದು ಡಿಕ್ಕಿಗೆ ಹಾಕಿ, ಚಳಿಯ ಬಗ್ಗೆ ಎರಡು ಮಾತಾಡುತ್ತಾರೆ. ಹೆಣ್ಣುಮಕ್ಕಳು ಕಾರಿನಿಂದ ಇಳಿಯುವುದಿಲ್ಲ. ಇಬ್ಬರೂ ತಂತಮ್ಮ ಫೋನು ನೋಡುತ್ತಾ ಕೂತಿರುತ್ತಾರೆ.

ಜಗಳಕ್ಕೆ ಕಾರಣ ನನ್ನ ಮಣಿಕಟ್ಟು. ಮೂರು ವರ್ಷದ ಕೆಳಗೆ ಪದ್ಮನ ಮನೆಯ ಬಚ್ಚಲಲ್ಲಿ ಜಾರಿಬಿದ್ದು ಅದನ್ನು ಮುರಿದುಕೊಂಡೆ. ಲಲಿತ ಫೋನಿನಲ್ಲಿ, "ಒಬ್ಬ ಅಮ್ಮನ್ನ ನೋಡ್ಕೊಳ್ಳೋಕೂ ಆಗಲ್ವೇನೇ ನಿನ್ಗೆ?" ಎಂದು ಕೂಗಿದಳು. ಪದ್ಮ, "ಹಾಗಿದ್ರೆ ನೀನೇ ಇಟ್ಕೊ" ಎಂದು ಫೋನ್ ಇಟ್ಟಳು. ಅಲ್ಲಿಂದ ಮಾತಿಲ್ಲ. ದೀಪಾವಳಿ ಬಂತು, ಮೊಮ್ಮಕ್ಕಳ ಗ್ರಾಜುಯೇಶನ್ ಬಂತು, ಮಾತಿಲ್ಲ. ನನ್ನ ಮೂಳೆ ಆರು ವಾರಕ್ಕೆ ಕೂಡಿತು. ಅವರದು ಕೂಡಲಿಲ್ಲ.

ಈ ಏಪ್ರಿಲ್‌ನಲ್ಲಿ ಲಲಿತನ ಸರದಿ ಮುಗಿಯಿತು. ಲಲಿತನ ಮಗಳು ನಿಧಿ ಕಾರು ಓಡಿಸಿಕೊಂಡು ಬಂದಿದ್ದಳು. ಅವಳು ಡಿಯರ್‌ಬಾರ್ನ್‌ನಲ್ಲಿ ಕಾರ್ ಕಂಪನಿಯ ಇಂಜಿನಿಯರು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನನ್ನದು ಅದರ ತಿರುವುಮುರುವು. ಇಂಗ್ಲಿಷು ಕಿವಿಗೆ ಹತ್ತಿದೆ, ನಾಲಿಗೆಗೆ ಹತ್ತಿಲ್ಲ. ಹಾಗಾಗಿ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದುತ್ತದೆ.

"ಅಮ್ಮ, ಇಳಿ," ಎಂದಳು ಲಲಿತ.

"ಇಳಿಯಲ್ಲ."

"ಯಾಕೆ, ಕಾಲು ನೋವಾ?"

"ಕಾಲು ಚೆನ್ನಾಗಿದೆ. ನಾನೇನು ಕಳ್ಳಮಾಲಾ, ಗ್ಯಾಸ್ ಸ್ಟೇಷನ್ ಹಿಂದುಗಡೆ ಕೈ ಬದಲಾಯಿಸೋಕೆ? ನಾನು ಇಳಿಯಲ್ಲ."

ಆ ಕಾರಿನಿಂದ ಪದ್ಮನ ಗಂಡ ರಘು ಬಂದು ಬಾಗಿಲ ಹತ್ತಿರ ಬಗ್ಗಿದ. "ಅತ್ತೆ, ಏನಾಯ್ತು?"

"ಏನೂ ಆಗಿಲ್ಲ ರಘು. ನಿನ್ನ ಹೆಂಡತಿಗೆ ಹೋಗಿ ಹೇಳು. ನಾನು ಸಮುದ್ರ ನೋಡ್ಬೇಕು. ನಿಮ್ಮ ಲೇಕ್ ಮಿಶಿಗನ್ ಅಲ್ಲ. ಅದನ್ನ ಬಾಯಿಗೆ ಹಾಕಿ ನೋಡಿದೀನಿ, ಸಪ್ಪೆ. ಉಪ್ಪು ನೀರಿನ ಸಮುದ್ರದಲ್ಲಿ ಸ್ನಾನ ಮಾಡ್ಬೇಕು. ಇಬ್ರೂ ಜೊತೇಲಿ ಬರ್ಬೇಕು. ಹಸ್ತಾಂತರ ಅಲ್ಲೇ ಮಾಡ್ಕೊಳ್ಳಿ. ಇಲ್ದಿದ್ರೆ ನಾನು ಈ ಕಾರಲ್ಲೇ ಇರ್ತೀನಿ."

ಪಾಪ, ರಘು ಎರಡು ಕಾರಿನ ನಡುವೆ ಓಡಾಡಿದ. ಲಲಿತ ನನ್ನ ಬಿ.ಪಿ. ಮಾತ್ರೆ ಕೇಳಿದಳು, ತಗೊಂಡೆ ಅಂದೆ. ಪದ್ಮ ಕಾರಿನ ಕಿಟಕಿ ಇಳಿಸಿ ನನ್ನನ್ನು ದುರುಗುಟ್ಟಿ ನೋಡಿದಳು, ನಾನೂ ನೋಡಿದೆ. ನಿಧಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಗುತ್ತಿದ್ದಳು. "ಅಜ್ಜಿ, ಆರ್ ಯು ಸೀರಿಯಸ್?" ಎಂದಳು. ಹೌದು ಎಂದೆ. ಅವಳು ಫೋನ್ ತೆಗೆದು ಹುಡುಕತೊಡಗಿದಳು. ಅವತ್ತು ನಾನು ವಾಪಸು ಫಾರ್ಮಿಂಗ್ಟನ್ ಹಿಲ್ಸ್‌ಗೇ ಹೋದೆ.

ಮಯಾಮಿ

ಅಮೆರಿಕದ ಕೆಳಗಿನ ಕೆರಿಬಿಯನ್ ಸಮುದ್ರ ಅಂದರೆ ಜನ ದೊಡ್ಡ ಹಡಗು, ದೊಡ್ಡ ಹೋಟೆಲು ಅನ್ನುತ್ತಾರೆ. ನಿಧಿ ಹುಡುಕಿದ್ದು ಅದನ್ನಲ್ಲ. ಟೊಬ್ಯಾಗೊ ಎಂಬ ಸಣ್ಣ ದ್ವೀಪ, ಅದರಲ್ಲಿ ಕಸ್ಟಾರ ಎಂಬ ಸಣ್ಣ ಊರು. ಅವಳು ಕಾಲೇಜು ಸ್ನೇಹಿತೆಯರ ಜೊತೆ ಒಮ್ಮೆ ಹೋಗಿದ್ದಳಂತೆ. "ಅಲ್ಲಿ ಏನಿದೆ?" ಎಂದು ಕೇಳಿದೆ. "ನಥಿಂಗ್, ಅಜ್ಜಿ," ಎಂದಳು. ನನಗೆ ಒಪ್ಪಿಗೆಯಾಯಿತು.

ಕೊನೆಗೆ ನನ್ನ ಹಠಕ್ಕೆ ಸೋತು ಇಬ್ಬರೂ ಒಪ್ಪಿದರು. ನಾನು, ಲಲಿತ, ನಿಧಿ ಡೆಟ್ರಾಯಿಟ್‌ನಿಂದ ಹೊರಟೆವು. ಪದ್ಮ ಶಿಕಾಗೋದಿಂದ ಒಬ್ಬಳೇ ಬಂದಳು. ಮಯಾಮಿ ವಿಮಾನ ನಿಲ್ದಾಣದಲ್ಲಿ ಕೂಡಿದೆವು. ಕೂಡಿದೆವು ಎಂದರೆ, ಒಬ್ಬರ ಹತ್ತಿರ ಒಬ್ಬರು ನಿಂತೆವು ಅಷ್ಟೆ.

ಅಲ್ಲಿ ಮೊದಲ ಎಡವಟ್ಟು. ನಾನು ನಡೆಯಬಲ್ಲೆ. ಆದರೆ ಲಲಿತ ನನಗೊಂದು ವೀಲ್‌ಚೇರ್ ಹೇಳಿದ್ದಳು. ಪದ್ಮನೂ ಒಂದು ಹೇಳಿದ್ದಳು. ಒಬ್ಬರನ್ನೊಬ್ಬರು ಕೇಳುವಂತಿಲ್ಲವಲ್ಲ! ಎರಡು ವೀಲ್‌ಚೇರು, ಎರಡು ಜನ ತಳ್ಳುವವರು, ಒಬ್ಬಳು ಮುದುಕಿ. ತಳ್ಳುವವರಿಬ್ಬರೂ ಮುಖ ಮುಖ ನೋಡಿಕೊಂಡರು.

"ಅಮ್ಮ, ಇದ್ರಲ್ಲಿ ಕೂತ್ಕೊ."

"ಅಮ್ಮ, ಅದು ಬೇಡ, ಇದ್ರಲ್ಲಿ ಕೂತ್ಕೊ."

ಒಂದರಲ್ಲಿ ನಾನು ಕೂತೆ. ಇನ್ನೊಂದರಲ್ಲಿ ಲಲಿತನ ಕೈಚೀಲ ಕೂರಿಸಿದೆ. ಅದು ಭಾರ ಇತ್ತು. ಏನೇ ಇದೆ ಇದರಲ್ಲಿ ಎಂದೆ. ರೈಸ್ ಕುಕ್ಕರ್. ಪದ್ಮನ ಚೀಲ ನೋಡಿದೆ. ಅದರಲ್ಲೂ ಒಂದು ರೈಸ್ ಕುಕ್ಕರ್ ಇತ್ತು.

ಅತ್ತ ಟೊಬ್ಯಾಗೊದಲ್ಲಿ ಇಳಿದಾಗ ತಪಾಸಣೆಯವಳು ಎರಡೂ ಚೀಲ ಬಿಚ್ಚಿಸಿದಳು. ಎರಡು ಕುಕ್ಕರ್, ಎರಡು ಅಕ್ಕಿ ಪೊಟ್ಟಣ, ಎರಡು ಉಪ್ಪಿನಕಾಯಿ, ಎರಡು ಡಬ್ಬಿ ಹುಳಿಪುಡಿ. ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಒಂದು ಸೀನು ಸೀನಿದಳು. ಎರಡನೆಯದನ್ನೂ ಮೂಸಿ, ಇದು ಅದೇ ಅಲ್ಲವೇ ಎಂದು ಕೇಳಿದಳು. ಅದೇ. ಎರಡು ಡಬ್ಬಿಯಲ್ಲಿದ್ದದ್ದೂ ನಾನು ಹುರಿದು ಮಾಡಿದ ಪುಡಿ. ಒಂದನ್ನು ಆ ಮನೆಯಲ್ಲಿ ಮಾಡಿದ್ದು, ಒಂದನ್ನು ಈ ಮನೆಯಲ್ಲಿ. ಲಲಿತ ಚಾವಣಿ ನೋಡಿದಳು, ಪದ್ಮ ನೆಲ ನೋಡಿದಳು.

ಗುಡ್ಡದ ದಾರಿ

ಇಲ್ಲಿ ಕಾರುಗಳು ಎಡಗಡೆ ಓಡುತ್ತವೆ, ನಮ್ಮ ಊರಿನ ಹಾಗೆ. ನನಗೆ ಇಳಿದ ತಕ್ಷಣ ಸಮಾಧಾನವಾಯಿತು. ನಿಧಿಗೆ ಗಾಬರಿಯಾಯಿತು. ಅವಳು ಕಾರು ಮಾಡುವ ಕಂಪನಿಯಲ್ಲಿದ್ದರೇನು, ನಾನು ಡ್ರೈವ್ ಮಾಡಲ್ಲ ಎಂದು ಒಂದು ಟ್ಯಾಕ್ಸಿ ಹಿಡಿದಳು.

ದಾರಿ ತಿರುವು ತಿರುವು. ಒಂದು ಕಡೆ ಗುಡ್ಡ, ಒಂದು ಕಡೆ ನೀಲಿ. ಮನೆಗಳ ಮುಂದೆ ಮಾವು, ತೆಂಗು, ಬಾಳೆ, ಹಗ್ಗದ ಮೇಲೆ ಒಣಗುವ ಬಟ್ಟೆ. ವುಡ್‌ರಿಡ್ಜ್‌ನಲ್ಲಿ ಬಟ್ಟೆ ಹೊರಗೆ ಒಣಗಿಸಿದರೆ ಸಬ್‌ಡಿವಿಷನ್‌ನವರು, ಅಂದರೆ ಬಡಾವಣೆಯ ಸಂಘದವರು, ಕಾಗದ ಕಳಿಸುತ್ತಾರೆ. ಅಷ್ಟು ಬಿಸಿಲನ್ನು ಪುಕ್ಕಟೆ ಬಿಟ್ಟು ಕರೆಂಟಿನಲ್ಲಿ ಬಟ್ಟೆ ಒಣಗಿಸುವ ಜಾಣತನ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಡ್ರೈವರು ದಾರಿಯಲ್ಲಿ ಸಿಕ್ಕವರಿಗೆಲ್ಲ ಹಾರ್ನ್ ಹೊಡೆದ. ಬೈಯುವುದಕ್ಕಲ್ಲ, ನಮಸ್ಕಾರಕ್ಕೆ. ಹಿಂದಿನ ಸೀಟಿನಲ್ಲಿ ನನ್ನ ಎಡಕ್ಕೆ ಒಬ್ಬಳು, ಬಲಕ್ಕೆ ಒಬ್ಬಳು.

"ಅಮ್ಮ, ಕಿಟಕಿ ಸ್ವಲ್ಪ ಏರಿಸು ಅಂತ ಹೇಳು, ಗಾಳಿ ಹೊಡೀತಿದೆ," ಎಂದಳು ಲಲಿತ.

"ಅಮ್ಮ, ನನಗೆ ತಲೆ ಸುತ್ತತ್ತೆ ಗಾಳಿ ಇಲ್ದಿದ್ರೆ ಅಂತ ಹೇಳು," ಎಂದಳು ಪದ್ಮ.

"ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?" ಎಂದೆ. ಕಿಟಕಿ ಅರ್ಧಕ್ಕೆ ನಿಂತಿತು.

ಮಿಸ್ ವೆರೋನಿಕಾ ಮನೆ

ಕಸ್ಟಾರದಲ್ಲಿ ಒಂದು ಕೊಲ್ಲಿ, ಕೊಲ್ಲಿಯ ದಂಡೆಯಲ್ಲಿ ದೋಣಿಗಳು, ದೋಣಿಗಳ ಹಿಂದೆ ನಾಲ್ಕು ಅಂಗಡಿ, ಅದರ ಹಿಂದೆ ಗುಡ್ಡಕ್ಕೆ ಅಂಟಿಕೊಂಡ ಮನೆಗಳು. ನಾವು ಇಳಿದುಕೊಂಡದ್ದು ಮಿಸ್ ವೆರೋನಿಕಾ ಎಂಬಾಕೆಯ ಮನೆಯ ಮಹಡಿಯಲ್ಲಿ. ಅವಳಿಗೆ ನನಗಿಂತ ಸ್ವಲ್ಪ ಕಡಿಮೆ ವಯಸ್ಸು, ನನಗಿಂತ ಜಾಸ್ತಿ ಧ್ವನಿ.

ಎರಡು ರೂಮಿದ್ದವು. ಅಮ್ಮ ನನ್ನ ಜೊತೆ ಮಲಗಲಿ ಎಂದು ಇಬ್ಬರೂ ಪೆಟ್ಟಿಗೆ ಎಳೆದರು. ನಾನು ನಿಧಿಯ ಕೈಹಿಡಿದು ಚಿಕ್ಕ ರೂಮಿಗೆ ನುಗ್ಗಿ ಚಿಲಕ ಹಾಕಿದೆ. ಉಳಿದ ರೂಮಿನಲ್ಲಿ ಒಂದೇ ಮಂಚ. ಬೆಳಗ್ಗೆ ನೋಡಿದರೆ ಮಂಚದ ನಡುವೆ ಉದ್ದಕ್ಕೂ ದಿಂಬು ಜೋಡಿಸಿ ಗೋಡೆ ಕಟ್ಟಿಕೊಂಡಿದ್ದರು. ಸಣ್ಣವರಿದ್ದಾಗ ನಂಜನಗೂಡಿನ ಮನೆಯಲ್ಲಿ ಒಂದೇ ಚಾಪೆಯಲ್ಲಿ ಕಾಲು ಹೆಣೆದುಕೊಂಡು ಮಲಗುತ್ತಿದ್ದ ಪ್ರಾಣಿಗಳು ಇವೇ.

ಈ ಊರಿನ ಒಂದು ಪದ್ಧತಿ ಹೇಳಬೇಕು. ಅಂಗಡಿಗೆ ಹೋದರೆ ಮೊದಲು ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳಬೇಕು. ಸಾಮಾನು ಆಮೇಲೆ. ಪದ್ಮ ಸೀದಾ ಹೋಗಿ, ಮೊಸರಿದೆಯಾ ಎಂದು ಕೇಳಿದಳು. ಅಂಗಡಿಯಾಕೆ ಅವಳ ಮುಖವನ್ನೇ ನೋಡುತ್ತಾ, ಬಹಳ ನಿಧಾನವಾಗಿ, "ಗುಡ್ ಮಾರ್ನಿಂಗ್" ಎಂದಳು. ಪದ್ಮ ಮತ್ತೆ ಮೊಸರು ಎಂದಳು. ಆಕೆ ಮತ್ತೆ ಗುಡ್ ಮಾರ್ನಿಂಗ್ ಎಂದಳು. ಹಿಂದೆ ನಿಂತಿದ್ದ ನಾನು "ಗುಡ್ ಮಾರ್ನಿಂಗ್" ಎಂದೆ. ನನ್ನ ಬಾಯಿಗೆ ಬರುವ ಇಂಗ್ಲಿಷು ಅಷ್ಟೆ, ಅದು ಅಲ್ಲಿ ಸಾಕಾಯಿತು. ಮೊಸರು ಬಂತು. ಮಾತಿಲ್ಲದೆ ಮೂರು ವರ್ಷ ತಳ್ಳಿದ ಹೆಂಗಸರನ್ನು ಆ ಅಂಗಡಿಯಲ್ಲಿ ಒಂದು ವಾರ ಕೆಲಸಕ್ಕೆ ಇಡಬೇಕು ಅನ್ನಿಸಿತು.

ದಂಡೆಯ ಹಿಂದೆ ಮಣ್ಣಿನ ಒಲೆ, ಗುಮ್ಮಟದ ಹಾಗೆ. ಹೆಂಗಸರು ಅದರಲ್ಲಿ ಕಟ್ಟಿಗೆ ಉರಿಸಿ, ಕೆಂಡ ಗುಡಿಸಿ, ಬ್ರೆಡ್ಡು ಸುಡುತ್ತಾರೆ. ಮಿಸ್ ವೆರೋನಿಕಾ ಹಿತ್ತಿಲಲ್ಲಿ ಕೆಸು ಬೆಳೆದಿತ್ತು. ಅದರ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರೆ. ಹುಣಿಸೆಹುಳಿ ಹಾಕುವುದಿಲ್ಲವಾ, ಗಂಟಲು ಕೆರೆಯುವುದಿಲ್ಲವಾ ಎಂದು ಕನ್ನಡದಲ್ಲೇ ಗಂಟಲು ತೋರಿಸಿ ಕೇಳಿದೆ. ಅವಳು ಅವಳ ಭಾಷೆಯಲ್ಲಿ ಏನೋ ಹೇಳಿ, ಚೆನ್ನಾಗಿ ಬೇಯಿಸಬೇಕು ಎಂದು ಕೈಯಲ್ಲಿ ತೋರಿಸಿದಳು. ಅರ್ಧ ಗಂಟೆ ಹಾಗೇ ಮಾತಾಡಿದೆವು. ಒಳ್ಳೆಯ ಹೆಂಗಸು. ಅವಳ ಗಂಡನೂ ಹೋಗಿ ಬಹಳ ವರ್ಷವಾಗಿದೆಯಂತೆ. ಅದನ್ನು ಹೇಳುವಾಗ ಕಣ್ಣೀರು ಗಿಣ್ಣೀರು ಹಾಕಲಿಲ್ಲ. ನನಗೆ ಇನ್ನೂ ಇಷ್ಟವಾದಳು.

ಬಲೆ

ಎರಡನೆಯ ದಿನ ಬೆಳಗ್ಗೆ ದಂಡೆಯಲ್ಲಿ ಯಾರೋ ಶಂಖ ಊದಿದರು. ದೇವರ ಮನೆಯ ಶಂಖದಂಥದ್ದೇ, ಇನ್ನೂ ದೊಡ್ಡದು. ನಾನು ಕೈಮುಗಿಯಲು ಹೋದೆ. ನಿಧಿ, "ನೋ ಅಜ್ಜಿ, ಫಿಶ್," ಎಂದಳು.

ಬಲೆ ಎಳೆಯುತ್ತಿದ್ದರು. ಅವರ ಕ್ರಮ ಹೀಗೆ: ಒಂದು ದೋಣಿ ಬಲೆಯನ್ನು ಸಮುದ್ರದೊಳಗೆ ಕೊಂಡೊಯ್ದು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ. ಅದರ ಎರಡು ತುದಿಯ ಹಗ್ಗ ದಂಡೆಗೆ ಬರುತ್ತವೆ, ಒಂದು ಆ ಕೊನೆಗೆ, ಒಂದು ಈ ಕೊನೆಗೆ. ಎರಡು ಗುಂಪು ನಿಂತು ಎಳೆಯುತ್ತದೆ. ಎಳೆಯುತ್ತಾ ಎಳೆಯುತ್ತಾ ಎರಡೂ ಗುಂಪು ದಂಡೆಯ ಮೇಲೆ ಒಂದರ ಕಡೆ ಒಂದು ಸರಿಯಬೇಕು. ಒಂದು ಕಡೆ ಜೋರಾಗಿ, ಒಂದು ಕಡೆ ಮೆತ್ತಗೆ ಎಳೆದರೆ ಬಲೆ ಸೊಟ್ಟಗಾಗಿ ಮೀನೆಲ್ಲ ಹೊರಟುಹೋಗುತ್ತದೆ. ಎಳೆಯಲು ಇಂಥವರೇ ಬೇಕು ಅಂತಿಲ್ಲ. ಅಂಗಡಿಯಾಕೆ ಎಳೆಯುತ್ತಿದ್ದಳು, ಪೋಸ್ಟಿನವನು ಎಳೆಯುತ್ತಿದ್ದ, ಜರ್ಮನಿಯಿಂದ ಬಂದಿದ್ದ ಒಬ್ಬ ಕೆಂಪು ಮನುಷ್ಯ ಎಳೆಯುತ್ತಿದ್ದ. ಮೇಲೆ ಗಂಟಲಚೀಲದ ಹಕ್ಕಿಗಳು ಸುತ್ತುತ್ತಿದ್ದವು. ನಮ್ಮ ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆಯ ದಾಯಾದಿಗಳು.

ನಾನು ಮಗುಚಿದ ದೋಣಿಯೊಂದರ ಮೇಲೆ ಕೂತೆ. ಮಿಸ್ ವೆರೋನಿಕಾ ಪದ್ಮನಿಗೆ ಕೈ ಬೀಸಿ, ಬಾ, ಬಾ, ಸುಮ್ಮನೆ ನಿಂತು ಏನು ನೋಡುತ್ತೀಯ ಎಂದು ಕೂಗಿದಳು. ಪದ್ಮ ಚಪ್ಪಲಿ ಬಿಟ್ಟು ಹೋಗಿ ಈ ಕೊನೆಯ ಹಗ್ಗ ಹಿಡಿದಳು. ತಂಗಿ ಹಿಡಿದ ಮೇಲೆ ಅಕ್ಕ ಬಿಟ್ಟಾಳೆಯೇ? ಲಲಿತ ತನ್ನ ದೊಡ್ಡ ಟೋಪಿ ಸರಿಮಾಡಿಕೊಂಡು ದಂಡೆಯುದ್ದಕ್ಕೂ ನಡೆದುಹೋಗಿ, ಆ ಕೊನೆಯ ಹಗ್ಗ ಹಿಡಿದಳು. ನಡುವೆ ಇಡೀ ಕೊಲ್ಲಿ.

ಬಹಳ ಹೊತ್ತು ಎಳೆದರು. ಹಗ್ಗ ಬರುತ್ತಿತ್ತು, ಬಲೆ ಕಾಣುತ್ತಿರಲಿಲ್ಲ. ಪದ್ಮನ ಗುಂಪಿನಲ್ಲಿ ಪಡ್ಡೆ ಹುಡುಗರು ಜಾಸ್ತಿ. ಅವರು ಹಾಡು ಹೇಳಿಕೊಂಡು ದಬದಬ ಎಳೆದರು. ಬಲೆಯ ಯಜಮಾನ ನೀರಿನಲ್ಲಿ ಎದೆಮಟ್ಟ ನಿಂತು ಅವರಿಗೆ ನಿಧಾನ, ನಿಧಾನ ಎಂದು ಕೂಗುತ್ತಾ ಕೈ ಮಾಡುತ್ತಿದ್ದ. ಯಾರೂ ನೋಡಲಿಲ್ಲ. ಆಗ ಆ ಕಡೆಯಿಂದ ಒಂದು ಧ್ವನಿ ಬಂತು. ಆಸ್ಪತ್ರೆಯ ನರ್ಸುಗಳು ನಡುಗುವ ಧ್ವನಿ.

"ಪದ್ಮಾ! ನಿಧಾನ ಕಣೇ! ನಿಮ್ಮ ಕಡೆ ಮುಂದೆ ಬಂತು!"

ಮೂರು ವರ್ಷದ ಮೇಲೆ ಅಕ್ಕ ತಂಗಿಗೆ ಆಡಿದ ಮೊದಲ ಮಾತು ಅದು. ಪದ್ಮ ಹಗ್ಗ ಹಿಡಿದೇ ತಿರುಗಿದಳು. ಮುಖ ಕೆಂಪಾಗಿತ್ತು.

"ನಿಮ್ಮ ಕಡೆ ಜೋರಾಗಿ ಎಳೀರಿ! ಬರೀ ಸ್ಟೆತಾಸ್ಕೋಪ್ ಹಿಡ್ದೂ ಹಿಡ್ದೂ ಕೈ ಮೆತ್ತಗಾಗಿದೆ ನಿನ್ಗೆ!"

"ನಿಂದು ಕೀಬೋರ್ಡ್ ಕುಟ್ಟೋ ಕೈ, ಗೊತ್ತು ಸುಮ್ನಿರೇ!"

ಇಡೀ ದಂಡೆಗೆ ಕನ್ನಡ ಬಾರದಿದ್ದರೂ ಅಷ್ಟು ಅರ್ಥವಾಯಿತು. ಜನ ಬಿದ್ದು ಬಿದ್ದು ನಕ್ಕರು. ಯಜಮಾನ ಆಮೇಲೆ ತಾನು ಕೂಗುವುದನ್ನೇ ಬಿಟ್ಟ. ಲಲಿತನನ್ನು ನೋಡಿ ಕೈ ಮಾಡುತ್ತಿದ್ದ, ಇವಳು ಕನ್ನಡದಲ್ಲಿ ಪದ್ಮನಿಗೆ ಕೂಗುತ್ತಿದ್ದಳು, ಪದ್ಮ ತನ್ನ ಹುಡುಗರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. "ಈಗ ಎಳಿ!" "ತಡಿ, ತಡಿ!" "ಬಿಡಬೇಡ್ವೇ!" ಎರಡು ಗುಂಪು ಇಷ್ಟಿಷ್ಟೇ ಸರಿಯುತ್ತಾ ನನ್ನ ದೋಣಿಯ ಮುಂದೆ ಬಂದು ಕೂಡಿದವು. ಕೊನೆಗೆ ಬಲೆಯ ಹೊಟ್ಟೆ ಮೇಲೆ ಬಂದಾಗ ನನ್ನ ಇಬ್ಬರು ಮಕ್ಕಳೂ ಭುಜಕ್ಕೆ ಭುಜ ತಾಗಿಸಿ ಏದುಸಿರು ಬಿಡುತ್ತಾ ನಿಂತಿದ್ದರು. ಲಲಿತನ ಟೋಪಿ ಎಲ್ಲಿ ಹೋಗಿತ್ತೋ. ಬಲೆಯಲ್ಲಿ ಬೆಳ್ಳಿ ಪಾತ್ರೆ ಸುರಿದ ಹಾಗೆ ಮೀನು ಮಿಣಮಿಣ ಕುಣಿಯುತ್ತಿತ್ತು.

ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟಿದವರಿಲ್ಲ. ಇಬ್ಬರಿಗೂ ಆಗ ಜ್ಞಾನೋದಯವಾಯಿತು. ಯಾಕೆಂದರೆ ಯಜಮಾನ ಮರಳಿನ ಮೇಲೆ ಮೀನಿನ ಗುಡ್ಡೆ ಹಾಕಲು ಶುರುಮಾಡಿದ್ದ. ಹಗ್ಗ ಹಿಡಿದವರಿಗೆಲ್ಲ ಪಾಲು ಉಂಟು. ಅದು ಆ ಊರಿನ ನಿಯಮ. ಬೇಡ ಅನ್ನುವಂತಿಲ್ಲ, ಬಲೆಗೆ ಅವಮಾನ ಮಾಡಿದ ಹಾಗೆ ಎಂದು ಮಿಸ್ ವೆರೋನಿಕಾ ಮೊದಲೇ ಹೇಳಿಬಿಟ್ಟಳು. ಪಾಲು ತಲೆಗೆ ಒಂದಲ್ಲ, ಮನೆಗೆ ಒಂದು.

ಯಜಮಾನ ಕಪ್ಪು ಪ್ಲಾಸ್ಟಿಕ್ ಚೀಲ ಹಿಡಿದು ನಮ್ಮ ಮುಂದೆ ಬಂದು ನಿಂತ. ಲಲಿತನನ್ನು ನೋಡಿದ. ಪದ್ಮನನ್ನು ನೋಡಿದ. ಒಬ್ಬಳು ಆ ಕೊನೆಯಲ್ಲಿ ಎಳೆದವಳು, ಒಬ್ಬಳು ಈ ಕೊನೆಯಲ್ಲಿ.

"ನೀವು ಒಂದು ಮನೆಯೋ, ಎರಡು ಮನೆಯೋ?" ಎಂದು ಕೇಳಿದ.

ನನಗೆ ಯಾರೂ ಕನ್ನಡ ಮಾಡಿ ಹೇಳುವ ಅಗತ್ಯ ಬೀಳಲಿಲ್ಲ. ಅಷ್ಟು ಇಂಗ್ಲಿಷು ನನಗೆ ಅರ್ಥವಾಗುತ್ತದೆ. ಈ ಪ್ರಶ್ನೆಯನ್ನು ನಾನು ಕೇಳಿದ್ದರೆ ಇಬ್ಬರೂ ಎದ್ದುಹೋಗುತ್ತಿದ್ದರು.

"ಒಂದು," ಎಂದಳು ಲಲಿತ, ತಡಮಾಡದೆ. "ಒಂದೇ ಮನೆ."

"ಒಂದೇ, ಒಂದೇ," ಎಂದಳು ಪದ್ಮ.

ಎರಡು ಮನೆ ಅಂದಿದ್ದರೆ ಎರಡು ಚೀಲ ಮೀನು ಹೊರಬೇಕಿತ್ತು. ಆ ಭಯಕ್ಕೆ ಹೇಳಿದ್ದು ಅಂತ ನನಗೂ ಗೊತ್ತು. ಯಾವ ಭಯಕ್ಕಾದರೆ ನನಗೇನು, ಬಾಯಿಂದ ಬಂತಲ್ಲ.

ಚೀಲದ ಒಂದು ಕಿವಿ ಒಬ್ಬಳು, ಇನ್ನೊಂದು ಕಿವಿ ಇನ್ನೊಬ್ಬಳು ಹಿಡಿದುಕೊಂಡು, ಮೈಗೆ ತಾಗದ ಹಾಗೆ ಕೈ ಉದ್ದ ಚಾಚಿ, ಮೂಗು ಆ ಕಡೆ ಈ ಕಡೆ ತಿರುಗಿಸಿಕೊಂಡು ಗುಡ್ಡ ಹತ್ತಿದರು. ಒಳಗೆ ಒಂದು ಮೀನು ಇನ್ನೂ ಪಟಪಟ ಅನ್ನುತ್ತಿತ್ತು. ಪಟ ಅಂದಾಗಲೆಲ್ಲ ಇಬ್ಬರೂ ಒಟ್ಟಿಗೆ "ಅಯ್ಯಯ್ಯೋ" ಎನ್ನುತ್ತಿದ್ದರು. ಹಿಂದಿನಿಂದ ಬರುತ್ತಿದ್ದ ನಾನು ನಗು ತಡೆಯಲಾಗದೆ ಒಂದು ಕಡೆ ಕೂತುಬಿಟ್ಟೆ.

ಮಿಸ್ ವೆರೋನಿಕಾ ಚೀಲ ತೆಗೆದುಕೊಂಡು ಮಧ್ಯಾಹ್ನ ನಮ್ಮನ್ನೆಲ್ಲ ಊಟಕ್ಕೆ ಕೂರಿಸಿದಳು. ನಮಗೆ ಅನ್ನ, ಕೆಸುವಿನೆಲೆ, ಮಣ್ಣಿನ ಒಲೆಯ ಬ್ರೆಡ್ಡು. ಅವಳಿಗೆ ಮೀನು. ನಿಧಿ ಅತ್ತ ಇತ್ತ ನೋಡಿ ಒಂದು ಮೀನು ತನ್ನ ತಟ್ಟೆಗೆ ಹಾಕಿಕೊಂಡು, ಮುಳ್ಳು ಬಿಡಿಸಿ, ಹಳೇ ಅಭ್ಯಾಸದವಳ ಹಾಗೆ ತಿಂದಳು.

"ನಿಧೀ!" ಎಂದಳು ಅವಳಮ್ಮ.

"ಏನೇ ಇದು, ಯಾವಾಗಿನಿಂದ?" ಎಂದಳು ಚಿಕ್ಕಮ್ಮ.

"ಸಿನ್ಸ್ ಕಾಲೇಜ್, ಚಿಕ್ಕಮ್ಮ."

"ನೋಡೇ ಅಕ್ಕ, ನಮ್ಮ ಮನೇಲಿ ಥ್ಯಾಂಕ್ಸ್‌ಗಿವಿಂಗ್‌ಗೆ ಬಂದಾಗ ಪನೀರ್ ಮಾಡು ಅಂತ ಪ್ರಾಣ ತಿಂದಿದ್ಲು!"

"ನನ್ನ ಹತ್ರ ಟೋಫು ಅಂತಾಳೆ ಕಣೇ!"

ಇಬ್ಬರೂ ಸೇರಿ ಅವಳನ್ನು ಬೈದರು, ಒಬ್ಬಳು ಬಿಟ್ಟ ಜಾಗದಿಂದ ಇನ್ನೊಬ್ಬಳು ಹಿಡಿದುಕೊಂಡು. ಪದ್ಮ ಅಕ್ಕ ಅಂದದ್ದು ಇಬ್ಬರಿಗೂ ಗೊತ್ತಾದ ಹಾಗೆ ಕಾಣಲಿಲ್ಲ. ನಿಧಿ ಮೀನು ತಿನ್ನುತ್ತಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಅವಳು ತಿಂದದ್ದು ಹಸಿವಿಗೋ, ಇದಕ್ಕೋ, ನಾನು ಕೇಳಲಿಲ್ಲ.

ಸ್ನಾನ

ಮೂರನೆಯ ದಿನ ನನ್ನ ಸ್ನಾನ. ನಾನು ಬಂದದ್ದೇ ಅದಕ್ಕೆ. ಕಪಿಲಾ ನದಿಯ ಸೋಪಾನದಲ್ಲಿ ಬೆಳೆದವಳು ನಾನು, ನೀರಿನ ಭಯವಿಲ್ಲ. ಆದರೆ ಕಪಿಲೆ ಒಂದು ಕಡೆಯಿಂದ ಬಂದು ಒಂದು ಕಡೆಗೆ ಹೋಗುತ್ತಾಳೆ. ಈ ಸಮುದ್ರ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅದಕ್ಕೊಂದು ನಿರ್ಧಾರವಿಲ್ಲ.

ಸೀರೆಯಲ್ಲೇ ಇಳಿದೆ. ಮೊದಲು ನೀರು ಮುಟ್ಟಿ ತಲೆಗೆ ಚಿಮುಕಿಸಿಕೊಂಡೆ. ನಾಲಿಗೆಗೂ ಹಚ್ಚಿಕೊಂಡೆ. ಉಪ್ಪು. ಇದು ಸಮುದ್ರ. ಎಡಗೈಯನ್ನು ಲಲಿತ ಹಿಡಿದಿದ್ದಳು, ಬಲಗೈಯನ್ನು ಪದ್ಮ. ಮುರಿದಿದ್ದ ಮಣಿಕಟ್ಟು ಎಡಗಡೆಯದು, ಅದನ್ನು ಡಾಕ್ಟರೇ ಹಿಡಿದಿದ್ದಳು. ಇಬ್ಬರ ಹಿಡಿತವೂ ಹೇಗಿತ್ತೆಂದರೆ ರಕ್ತ ಓಡುತ್ತಿರಲಿಲ್ಲ.

"ಸಾಕು ಅಮ್ಮ, ಇಲ್ಲೇ."

"ಮೊಣಕಾಲಿಗೆ ಬಂದಿದೆ. ಸೊಂಟಕ್ಕೆ ಬರಲಿ."

"ಅಮ್ಮ, ಬೇಡ ಅಂದ್ನಲ್ಲ."

"ಮುಳುಗದೆ ಸ್ನಾನ ಅಂತ ಯಾರು ಅಂತಾರೆ?"

ಉಸಿರು ಹಿಡಿದು ಒಮ್ಮೆ ಮುಳುಗಿದೆ. ಎರಡನೆಯ ಸಲ ಮುಳುಗಿ ಏಳುವಾಗ ಪಕ್ಕದಿಂದ ಒಂದು ಅಲೆ ಬಂತು. ಸೀರೆ ನೀರು ಕುಡಿದು ಮಣಭಾರವಾಗಿತ್ತು. ಕಾಲ ಕೆಳಗಿನ ಮರಳು ಹೋಯಿತು, ಆಮೇಲೆ ಎರಡು ಕೈಯೂ ಹೋದವು, ಆಮೇಲೆ ನಾನು ಹೋದೆ. ಮೂಗಿನಲ್ಲಿ, ಕಿವಿಯಲ್ಲಿ, ಬಾಯಿಯಲ್ಲಿ ಉಪ್ಪು. ಎಲ್ಲಿಗೋ ಹೊರಳಿ, ದಂಡೆಯ ಮೇಲೆ ಕುಂಡೆ ಊರಿ ಕೂತಿದ್ದೆ. ಕನ್ನಡಕ ಸಮುದ್ರಕ್ಕೆ ಹೋಗಿತ್ತು.

ಇಬ್ಬರೂ ಬಿದ್ದು ಎದ್ದು ಓಡಿಬಂದರು. ಲಲಿತ ಮಂಡಿಯೂರಿ ನನ್ನ ಮಣಿಕಟ್ಟು ಹಿಡಿದು ಒತ್ತಿ ನೋಡಿದಳು. "ಇಲ್ಲಿ ನೋವಾ? ಇಲ್ಲಿ? ಸೊಂಟ? ತಲೆ ಹೊಡೀತಾ?"

"ಎಲ್ಲೂ ಇಲ್ಲ. ಮೂಗು ಉರೀತಿದೆ."

ಆಮೇಲೆ ನನ್ನ ತಲೆಯ ಮೇಲಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕನ್ನಡಕ ಇಲ್ಲದಿದ್ದರೂ ಅದು ನನಗೆ ಕಂಡಿತು. ಇನ್ನು ಶುರುವಾಯಿತು ಎಂದುಕೊಂಡೆ. ನೀನು ಬಿಟ್ಟೆ, ನೀನು ಬಿಟ್ಟೆ. ನಿನ್ನೆಯ ಒಂದೇ ಮನೆ ನಿನ್ನೆಯ ಮೀನಿನ ಜೊತೆಗೇ ಮುಗಿಯಿತು. ಇಷ್ಟು ದೂರ ಬಂದದ್ದು ಇನ್ನೊಂದು ಸಲ ಬೀಳುವುದಕ್ಕೆ.

ಲಲಿತ ಮರಳಿನ ಮೇಲೆ ಹಾಗೇ ಕುಕ್ಕರಿಸಿದಳು.

"ಗಟ್ಟಿಯಾಗಿ ಹಿಡ್ಕೊಂಡಿದ್ದೆ ಕಣೇ," ಎಂದಳು ಪದ್ಮನಿಗೆ. ಅವಳ ಧ್ವನಿಯಲ್ಲಿ ಡಾಕ್ಟರು ಇರಲಿಲ್ಲ. "ಎರಡು ಕೈಲೂ ಹಿಡ್ಕೊಂಡಿದ್ದೆ. ಹೇಗೆ ಜಾರಿದ್ಲೋ ಗೊತ್ತೇ ಆಗ್ಲಿಲ್ಲ."

ಪದ್ಮ ನನ್ನ ಸೆರಗು ಹಿಂಡುತ್ತಿದ್ದಳು. ತಲೆ ಎತ್ತಲಿಲ್ಲ.

"ಗೊತ್ತು ಅಕ್ಕ. ಅವತ್ತು ನಾನೂ ಬಚ್ಚಲ ಬಾಗಿಲ ಹತ್ರಾನೇ ನಿಂತಿದ್ದೆ. ಟವೆಲ್ ಹಿಡ್ಕೊಂಡು."

"ನೀನು ಅದನ್ನ ಹೇಳ್ಲೇ ಇಲ್ವಲ್ಲೇ."

"ನೀನು ಕೇಳ್ಲಿಲ್ಲ."

ಒಂದು ಅಲೆ ಬಂದು ನಮ್ಮ ಮೂವರ ಕಾಲೂ ತೊಳೆದು ಹೋಯಿತು.

"ಹೂಂ," ಎಂದಳು ಲಲಿತ. "ಕೇಳ್ಬೇಕಿತ್ತು."

ಅಷ್ಟೆ. ತಬ್ಬಿಕೊಂಡು ಅಳುವುದೇನೂ ಆಗಲಿಲ್ಲ, ನಾನು ಅವಕಾಶವನ್ನೂ ಕೊಡಲಿಲ್ಲ. "ಮುಗೀತಾ? ಕುಂಡೆ ಒದ್ದೆಯಾಗಿದೆ, ಎಬ್ಬಿಸಿ ನನ್ನ," ಎಂದೆ. ಇಬ್ಬರೂ ಎಬ್ಬಿಸಿದರು. ಅವತ್ತು ಮಧ್ಯಾಹ್ನ ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿದರು. ಇನ್ನೊಂದನ್ನು ಬರುವಾಗ ಮಿಸ್ ವೆರೋನಿಕಾಗೆ ಕೊಟ್ಟು ಬಂದೆವು, ಹುಳಿಪುಡಿಯ ಒಂದು ಡಬ್ಬಿಯ ಜೊತೆಗೆ. ಕೆಸುವಿಗೆ ಹಾಕು, ಹುಣಿಸೆಹುಳಿ ಮರೀಬೇಡ ಎಂದು ಹೇಳಿದ್ದೇನೆ.

ಮತ್ತೆ ಗ್ಯಾಸ್ ಸ್ಟೇಷನ್

ಟೊಬ್ಯಾಗೊದಿಂದ ನಾನು ಪದ್ಮನ ಜೊತೆಗೇ ಹೋಗಿದ್ದೆ. ಅವಳ ಮನೆಯ ಸರದಿ ಅಕ್ಟೋಬರ್‌ನಲ್ಲಿ ಮುಗಿಯಿತು. ಕಲಮಜೂ ಹತ್ತಿರ ಮರಗಳೆಲ್ಲ ಕೆಂಪಾಗಿದ್ದವು, ಗಾಳಿ ಕೊರೆಯುತ್ತಿತ್ತು. ನಾನು ಪದ್ಮನ ಕಾರಿನಿಂದ ಇಳಿದು ಲಲಿತನ ಕಾರಿಗೆ ಹತ್ತಿ ಕೂತೆ. ಈ ಸಲ ಹೆಣ್ಣುಮಕ್ಕಳು ಇಬ್ಬರೂ ಇಳಿದರು. ಒಳಗೆ ಹೋಗಿ ಕಾಫಿ ತಂದರು. ಕಾಫಿ ಕೆಟ್ಟದಾಗಿದೆ ಎಂದು ಇಬ್ಬರೂ ಬೈದರು. ಬೈಯುತ್ತಲೇ ಕುಡಿದರು. ನಿಧಿ ಯಾವನೋ ಹುಡುಗನ ಜೊತೆ ಓಡಾಡುತ್ತಿದ್ದಾಳಂತೆ, ಅವನು ಮೀನು ತಿನ್ನುತ್ತಾನೋ ಇಲ್ಲವೋ, ಪದ್ಮನ ಮೊಣಕಾಲಿಗೆ ಇಂಜೆಕ್ಷನ್ ಬೇಕೋ ಬೇಡವೋ, ಮಾತು ಮುಗಿಯಲಿಲ್ಲ. ಅಳಿಯಂದಿರಿಬ್ಬರೂ ಚಳಿಯಲ್ಲಿ ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದರು. ನಾನು ಕಾರಿನಲ್ಲಿ ಕೂತು ಹೀಟರ್ ಹಾಕಿ ಎಂದು ಗಾಜು ಬಡಿದೆ. ಯಾರಿಗೂ ಕೇಳಿಸಲಿಲ್ಲ.

ಆನ್ ಆರ್ಬರ್ ದಾಟಿದ ಮೇಲೆ ಲಲಿತನ ಫೋನು ಬಡಿದುಕೊಂಡಿತು. ಕಾರಿನ ಸ್ಪೀಕರಿನಲ್ಲಿ ಪದ್ಮ.

"ಅಕ್ಕಾ! ಅಮ್ಮನ ಪೆಟ್ಟಿಗೆ ನಮ್ಮ ಡಿಕ್ಕೀಲೇ ಉಳ್ಕೊಂಡಿದೆ!"

"ಅಯ್ಯೋ, ಅದ್ರಲ್ಲೇ ಮಾತ್ರೆ ಕಣೇ!"

"ಮಾತ್ರೆ ನೀನೇ ಬರ್ದುಕೊಡು, ಅಲ್ಲೇ ಅಂಗಡೀಲಿ ತಗೊಳ್ಳಿ. ಸೀರೆ, ಸ್ವೆಟರ್ ಎಲ್ಲಾ ಇಲ್ಲಿದೆ. ನಾನು ಶನಿವಾರ ಡ್ರೈವ್ ಮಾಡ್ಕೊಂಡು ನಿಮ್ಮ ಮನೆಗೇ ತಂದ್ಕೊಡ್ತೀನಿ."

"ಪೂರ್ತಿ ದೂರ?"

"ಪೂರ್ತಿ ದೂರ. ಒಂದು ದಿನ ಇದ್ದು ಬರ್ತೀನಿ. ಹುಳಿ ಮಾಡಿಡು."

ಲಲಿತ ಹ್ಞೂಂ ಎಂದು ಫೋನ್ ಇಟ್ಟಳು. ಆಮೇಲೆ ಬಹಳ ಹೊತ್ತು ರಸ್ತೆ ನೋಡುತ್ತಾ ತುಟಿಯಲ್ಲೇ ನಗುತ್ತಿದ್ದಳು. ಶನಿವಾರದವರೆಗೆ ನಾನು ಅವಳ ನೈಟಿ ಹಾಕಿಕೊಂಡು ಓಡಾಡಿದೆ, ಅದು ನನಗೆ ಎರಡು ಸುತ್ತು ಬರುತ್ತಿತ್ತು.

ಪೆಟ್ಟಿಗೆಯನ್ನು ಕೊರಿಯರ್‌ನಲ್ಲಿ ಕಳಿಸಬಹುದಿತ್ತು. ಪದ್ಮನ ಫೋನು ಕೇಳುತ್ತಾ ಕಾರಿನಲ್ಲಿ ಕೂತಿದ್ದಾಗಲೇ ಅದು ನನಗೆ ಹೊಳೆದಿತ್ತು. ನಾನು ಬಾಯಿ ಬಿಡಲಿಲ್ಲ.